ತುವಾಸ್: ಸಮುದ್ರದ ಮೇಲೆ ಎದ್ದ ಬಂದರು

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ರೈಲು ಹತ್ತುವ ಎಷ್ಟೋ ಕಂಟೇನರ್‌ಗಳು ಚೆನ್ನೈ ಬಂದರಿಗೆ ಹೋಗುತ್ತವೆ. ಅಲ್ಲಿ ಒಂದು ಟರ್ಮಿನಲ್ ನಡೆಸುವುದು ಸಿಂಗಪುರದ ಪಿಎಸ್‌ಎ ಕಂಪನಿ. ಈ ಕಂಪನಿಯ ತವರಿನಲ್ಲಿ ಈಗ ಒಂದು ಬಂದರನ್ನೇ ಎತ್ತಿ ಬೇರೆ ಕಡೆ ಇಡುವ ಕೆಲಸ ನಡೆದಿದೆ. ಇವತ್ತಿನ ಮಾತು ಅದರ ಬಗ್ಗೆ.

2024ರಲ್ಲಿ ಸಿಂಗಪುರ ಬಂದರು 4.1 ಕೋಟಿ ಕಂಟೇನರ್ ನಿಭಾಯಿಸಿತು. ಇಪ್ಪತ್ತಡಿ ಉದ್ದದ ಪೆಟ್ಟಿಗೆಯ ಲೆಕ್ಕದಲ್ಲಿ ಹೇಳುವ ಮಾತಿದು. ಆದರೆ ಊರ ಮಧ್ಯದ ಹಳೆಯ ಧಕ್ಕೆಗಳಿಗೆ ಬೆಳೆಯಲು ಜಾಗವಿಲ್ಲ. ಹಾಗಾಗಿ ಎಲ್ಲವನ್ನೂ ದ್ವೀಪದ ಪಶ್ಚಿಮ ತುದಿಯ ತುವಾಸ್‌ಗೆ ಸಾಗಿಸುವ ತೀರ್ಮಾನವಾಯಿತು. ನಾಲ್ಕು ಹಂತದ ಯೋಜನೆ. 2040ರ ದಶಕದಲ್ಲಿ ಮುಗಿದಾಗ ವರ್ಷಕ್ಕೆ 6.5 ಕೋಟಿ ಕಂಟೇನರ್ ಸಾಮರ್ಥ್ಯ. ಮೊದಲ ಧಕ್ಕೆಗಳು 2022ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ತೆರೆದವು.

ಇದನ್ನು ಕಟ್ಟಿದವರು ಯಾರು ಗೊತ್ತಾ? ಮೊದಲ ಹಂತದಲ್ಲಿ ಸಮುದ್ರ ತುಂಬಿಸಿ ನೆಲ ಮಾಡುವ ಗುತ್ತಿಗೆ ಬೆಲ್ಜಿಯಂ ಮೂಲದ ಡ್ರೆಜಿಂಗ್ ಇಂಟರ್‌ನ್ಯಾಷನಲ್ ಮತ್ತು ದಕ್ಷಿಣ ಕೊರಿಯಾದ ಡೇಲಿಮ್ ಕಂಪನಿಗಳಿಗೆ ಹೋಯಿತು. ಸುಮಾರು 240 ಕೋಟಿ ಸಿಂಗಪುರ ಡಾಲರ್ ಕೆಲಸ. ಎರಡನೆಯ ಹಂತ ಜಪಾನಿನ ಪೆಂಟಾ ಓಷನ್, ಕೊರಿಯಾದ ಹ್ಯುಂಡೈ, ನೆದರ್ಲೆಂಡ್ಸ್‌ನ ಬೋಸ್ಕಾಲಿಸ್ ಸೇರಿ ಹಿಡಿದರು. ಹೂಳೆತ್ತುವ ಹಡಗು ಒಬ್ಬರ ಹತ್ತಿರ, ಕಾಂಕ್ರೀಟ್ ಕೈಚಳಕ ಇನ್ನೊಬ್ಬರ ಹತ್ತಿರ. ಇಂಥ ಕೆಲಸಕ್ಕೆ ಜೊತೆ ಸೇರಿಯೇ ಬರಬೇಕು.

ಆ ಕಾಂಕ್ರೀಟ್ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಧಕ್ಕೆಯ ಗೋಡೆಗೆ ಕೈಸನ್ ಅಂತ ಮಾಡುತ್ತಾರೆ. ಒಳಗೆ ಟೊಳ್ಳಾದ, ಕೋಣೆ ಕೋಣೆಯಾಗಿ ಭಾಗ ಮಾಡಿದ ಕಾಂಕ್ರೀಟ್ ಪೆಟ್ಟಿಗೆ. ಒಂದೊಂದರ ಎತ್ತರ 28 ಮೀಟರ್, ಅಂದರೆ ಹತ್ತು ಮಹಡಿ ಕಟ್ಟಡದಷ್ಟು. ತೂಕ 15,000 ಟನ್. ದಡದಲ್ಲೇ ಎರಕ ಹೊಯ್ದು, ನೀರಿಗಿಳಿಸುತ್ತಾರೆ. ಅಷ್ಟು ಭಾರದ್ದು ತೇಲುತ್ತದೆ! ಟಗ್ ದೋಣಿಗಳು ಎಳೆದುಕೊಂಡು ಹೋಗಿ ಜಾಗಕ್ಕೆ ನಿಲ್ಲಿಸುತ್ತವೆ. ಒಳಗೆ ನೀರು ಬಿಟ್ಟರೆ ಮೆಲ್ಲಗೆ ಕೆಳಗಿಳಿದು, ಮೊದಲೇ ಹಾಸಿಟ್ಟ ಕಲ್ಲಿನ ಮೇಲೆ ಕೂರುತ್ತದೆ. ಆಮೇಲೆ ಮರಳು ತುಂಬಿ ಗಟ್ಟಿ ಮಾಡುತ್ತಾರೆ. ಮೊದಲ ಹಂತಕ್ಕೆ ಇಂಥವು 221 ಬೇಕಾದವು. ಒಂದು ಸ್ವಲ್ಪ ವಾಲಿದರೂ ಪಕ್ಕದ್ದು ಸರಿಯಾಗಿ ಕೂರುವುದಿಲ್ಲ.

ಗೋಡೆಯ ಹಿಂದೆ ತುಂಬಿಸಲು ಏನು? ಮರಳು ದುಬಾರಿ. ಇಂಡೋನೇಷ್ಯಾ 2007ರಲ್ಲಿ ಸಿಂಗಪುರಕ್ಕೆ ಮರಳು ಕಳಿಸುವುದನ್ನು ನಿಲ್ಲಿಸಿತ್ತು. ಹಾಗಾಗಿ ಮೊದಲ ಹಂತದ ಅರ್ಧಕ್ಕಿಂತ ಜಾಸ್ತಿ ತುಂಬು ಬಂದದ್ದು ಸಮುದ್ರದ ತಳದಿಂದ ಎತ್ತಿದ ಹೂಳಿನಿಂದ ಮತ್ತು ಊರಿನ ಕಾಮಗಾರಿಗಳಲ್ಲಿ ಅಗೆದ ಮಣ್ಣಿನಿಂದ. ಎಲ್ಲೋ ಸುರಿಯಬೇಕಿದ್ದ ಮಣ್ಣು ಹೀಗೆ ನೆಲವಾಯಿತು. ಈ ಯೋಜನೆಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಭಾಗ ಇದೇ.

ಹೊರಗಿನವರಿಗೆ ಕೆಲಸ ಕೊಟ್ಟರೂ ಸಿಂಗಪುರ ಯಜಮಾನಿಕೆ ಬಿಟ್ಟುಕೊಡಲಿಲ್ಲ. ನೆಲ, ನಕ್ಷೆ, ನಿಯಮ ಎಲ್ಲ ಅಲ್ಲಿನ ಬಂದರು ಪ್ರಾಧಿಕಾರದ ಕೈಯಲ್ಲಿ. ಧಕ್ಕೆ ನಡೆಸುವುದು ತನ್ನದೇ ಪಿಎಸ್‌ಎ. ಕೊಂಡುಕೊಂಡದ್ದು ಕೌಶಲ್ಯವನ್ನು ಮಾತ್ರ. ವಿದೇಶಿ ಗುತ್ತಿಗೆ ಅಂದ ಕೂಡಲೇ ನಮ್ಮಲ್ಲಿ ಗಾಬರಿಯೋ ಸಂಭ್ರಮವೋ ಶುರುವಾಗುತ್ತದೆ, ಅಲ್ವಾ? ಎರಡೂ ಬೇಡ. ಕೆಲಸ ಮುಗಿದ ಮೇಲೆ ಬಂದರು ಯಾರದ್ದಾಗಿ ಉಳಿಯುತ್ತದೆ ಅಂತ ಕೇಳಿದರೆ ಸಾಕು.

ಈ ಎರಡು ಹಂತಗಳ ಮುಖ್ಯ ಗುತ್ತಿಗೆದಾರರಲ್ಲಿ ಭಾರತದ ಹೆಸರಿಲ್ಲ. ಆದರೆ ಸಿಂಗಪುರದ ಕಟ್ಟಡ ಕೆಲಸಗಳಲ್ಲಿ ಬೆವರು ಸುರಿಸುವವರಲ್ಲಿ ಭಾರತ, ಬಾಂಗ್ಲಾದೇಶದವರು ಬಹಳ ಮಂದಿ. ಗುತ್ತಿಗೆಯ ಲಾಭ ಲೆಕ್ಕ ಹಾಕುವಾಗ ಅವರ ಕೂಲಿ, ವಸತಿ, ಸುರಕ್ಷತೆಯೂ ಆ ಲೆಕ್ಕದಲ್ಲಿ ಸೇರಬೇಕು. ಈ ಮಾತನ್ನು ನಾನು ಸುಮ್ನೆ ಹೇಳುತ್ತಿಲ್ಲ.

ನಮ್ಮ ಕಂಪನಿಗಳು ಕಲಿಯುವುದಕ್ಕೆ ಅವಕಾಶ ಹತ್ತಿರದಲ್ಲೇ ಇದೆ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವಾಢವಣ್ ಬಂದರಿಗೆ 2024ರ ಆಗಸ್ಟ್‌ನಲ್ಲಿ ಅಡಿಗಲ್ಲು ಬಿತ್ತು. 76,000 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ. ಅಲ್ಲೂ 1,400 ಹೆಕ್ಟೇರಿಗಿಂತ ಜಾಸ್ತಿ ಸಮುದ್ರ ತುಂಬಿಸಬೇಕು. ಅಲ್ಲಿನ ಮೀನುಗಾರರು ವಿರೋಧಿಸುತ್ತಲೇ ಬಂದಿದ್ದಾರೆ. ಅವರ ಮಾತನ್ನು ಮೊದಲು ಕೇಳಲೇಬೇಕು. ಕೆಲಸ ನಡೆಯುವುದೇ ಆದರೆ, ಹೊರಗಿನ ಅನುಭವಸ್ಥರ ಜೊತೆ ನಮ್ಮ ಎಂಜಿನಿಯರ್‌ಗಳು ಪಾಲುದಾರರಾಗಿ ನಿಲ್ಲಬೇಕು. ಬರೀ ಕಲ್ಲು ಸಾಗಿಸುವ ಉಪಗುತ್ತಿಗೆಗೆ ತೃಪ್ತಿಪಡಬಾರದು. ದೊಡ್ಡ ಬಂದರಿನ ಟೆಂಡರ್‌ನಲ್ಲಿ ದರಕ್ಕಿಂತ ಮೊದಲು ಕೇಳುವುದು, ಇಂಥ ಕೆಲಸ ಹಿಂದೆ ಎಲ್ಲಿ ಮಾಡಿದ್ದೀರಿ ಅಂತ. ನಮ್ಮವರು ಆ ಅನುಭವವನ್ನು ವಾಢವಣ್‌ನಲ್ಲಿ ಗಳಿಸಿದರೆ, ತುವಾಸ್‌ನ ಮುಂದಿನ ಹಂತಗಳ ಬಾಗಿಲು ತಟ್ಟುವುದಕ್ಕೆ ಕೈಯಲ್ಲಿ ಏನಾದರೂ ಇರುತ್ತದೆ.

ನಮಸ್ಕಾರ.