ಸೇತುವೆಗೂ ಮೊದಲು ಕಟ್ಟುವ ಕಾಗದ

ಕೇಳುಗರಿಗೆ ನಮಸ್ಕಾರ.

ವಕೀಲರೆಂದರೆ ಕರಿಕೋಟು, ಕಟಕಟೆ, ವಾದ. ಕಾನೂನು ಓದುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ವೃತ್ತಿ ಸಾಗಿದ್ದು ಕೋರ್ಟಿನ ಹೊರಗೆ. ಹೆದ್ದಾರಿ, ಬಂದರು, ವಿದ್ಯುತ್ ಸ್ಥಾವರಗಳಿಗೆ ಬ್ಯಾಂಕುಗಳು ಸಾಲ ಕೊಡುವಾಗ ಕರಾರು ಬರೆಯುವುದೇ ನನ್ನ ಕಸುಬು.

ಮನೆ ಸಾಲಕ್ಕೆ ಮನೆಯೇ ಅಡಮಾನ. ಇನ್ನೂ ಕಟ್ಟದ ಸೇತುವೆಗೆ? ಆ ಕೆಲಸಕ್ಕೆಂದೇ ಹೊಸ ಕಂಪನಿಯೊಂದನ್ನು ಹುಟ್ಟುಹಾಕುತ್ತಾರೆ. ಸಾಲ ಮುಳುಗಿದರೆ ಆ ಕಂಪನಿಯ ಹಿಂದಿರುವ ಹೂಡಿಕೆದಾರರನ್ನು ಬ್ಯಾಂಕು ಸಾಮಾನ್ಯವಾಗಿ ಹಿಡಿಯುವಂತಿಲ್ಲ. ನಾಳೆ ಬರುವ ಟೋಲ್ ಹಣದಲ್ಲೇ ಸಾಲ ತೀರಬೇಕು. ಅರ್ಧಕ್ಕೆ ನಿಂತ ಸೇತುವೆಯನ್ನು ಹರಾಜಿಗಿಟ್ಟರೆ ಕೊಳ್ಳುವವರು ಯಾರು? ಅದಕ್ಕೇ ಸರ್ಕಾರ, ಕಂಪನಿ, ಬ್ಯಾಂಕು ಮೂವರೂ ಸೇರಿ ಒಂದು ನೇರ ಒಪ್ಪಂದ ಮಾಡಿಕೊಳ್ಳುತ್ತಾರೆ. ಕಂಪನಿ ತಪ್ಪಿದರೂ ಸರ್ಕಾರ ಏಕಾಏಕಿ ಗುತ್ತಿಗೆ ರದ್ದು ಮಾಡುವಂತಿಲ್ಲ, ಮೊದಲು ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕು ಬೇರೊಬ್ಬರನ್ನು ತಂದು ಕೆಲಸ ಮುಂದುವರಿಸಬಹುದು. ಇಡೀ ಕಡತದಲ್ಲಿ ನಾನು ಅತ್ಯಂತ ಜತನದಿಂದ ಬರೆಯುವ ಹಾಳೆಗಳು ಇವೇ.

ಸಾಲ ಮುಳುಗಿದರೂ ಕೆಲಸ ನಿಲ್ಲಬಾರದು ಅನ್ನುವುದಕ್ಕೆ ಒಂದು ಉದಾಹರಣೆ. ಇಂಗ್ಲೆಂಡ್–ಫ್ರಾನ್ಸ್ ನಡುವೆ ಕಡಲಡಿಯ ಸುರಂಗ 1994ರಲ್ಲಿ ತೆರೆಯಿತು. ಮರುವರ್ಷವೇ ಅದನ್ನು ನಡೆಸುವ ಕಂಪನಿಗೆ ಬಡ್ಡಿ ಕಟ್ಟುವುದೂ ಆಗಲಿಲ್ಲ. 2006ರಲ್ಲಿ ಅದು ಸಾಲಗಾರರಿಂದ ರಕ್ಷಣೆ ಕೋರಿ ಪ್ಯಾರಿಸ್ಸಿನ ನ್ಯಾಯಾಲಯದ ಮೊರೆಹೊಕ್ಕಾಗಲೂ ರೈಲುಗಳು ಓಡುತ್ತಲೇ ಇದ್ದವು. 1986ರಲ್ಲಿ 55 ವರ್ಷಕ್ಕೆಂದು ಕೊಟ್ಟ ಸುರಂಗ ನಡೆಸುವ ಹಕ್ಕು ಈಗ 2086ರವರೆಗೆ ಬೆಳೆದಿದೆ.

ಈ ಕೆಲಸಕ್ಕೆ ಬರುವ ಕಿರಿಯರ ಕೈಗೆ ಮೊದಲು ಸಿಗುವುದು ಪೂರ್ವಷರತ್ತುಗಳ ಪಟ್ಟಿ. ಪರವಾನಗಿ, ವಿಮೆ, ಆಡಳಿತ ಮಂಡಳಿಯ ಠರಾವು, ಹೀಗೆ ಪುಟಗಟ್ಟಲೆ. ಒಂದು ಬಾಕಿಯಿದ್ದರೂ ಹಣ ಹೊರಡುವುದಿಲ್ಲ. ಇದು ಗುಮಾಸ್ತೆ ಕೆಲಸವೆಂದು ಬೇಸರಪಡುವವರಿಗೆ ನಾನು 1991ರ ತೀರ್ಪೊಂದನ್ನು ಓದಲು ಕೊಡುತ್ತೇನೆ. ಸ್ಥಳೀಯ ಸಂಸ್ಥೆಗಳಿಗೆ ಬಡ್ಡಿದರದ ಸ್ವ್ಯಾಪ್, ಅಂದರೆ ಇಬ್ಬರು ತಮ್ಮ ಬಡ್ಡಿ ಪಾವತಿಗಳನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದ, ಮಾಡಿಕೊಳ್ಳುವ ಅಧಿಕಾರವೇ ಇಲ್ಲ ಎಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಸಹಿಯಿತ್ತು, ಮೊಹರಿತ್ತು, ಒಪ್ಪಂದ ಮಾತ್ರ ಅಸಿಂಧು.

ಒಮ್ಮೆ ಸಹಿಯ ಹಿಂದಿನ ರಾತ್ರಿ, ಒಂದು ಗಂಟೆಯ ಹೊತ್ತು. ಎಲ್ಲರ ಕಣ್ಣೂ ಕೆಂಪಾಗಿತ್ತು. ನಮ್ಮ ತಂಡದ ಅತಿ ಕಿರಿಯಳು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, “ಸರ್, ತಾರೀಖು ನೋಡಿ” ಅಂದಳು. ಕಂಪನಿಯ ಪರವಾಗಿ ಸಹಿ ಹಾಕಲು ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ ಬರೆದುಕೊಟ್ಟದ್ದು ಹನ್ನೊಂದಕ್ಕೆ. ಅದನ್ನು ಕೊಡಲು ಮಂಡಳಿ ಠರಾವು ಮಾಡಿದ್ದು ಹನ್ನೆರಡಕ್ಕೆ. ಬೆಳಿಗ್ಗೆ ಸರಿಮಾಡಿದರಾಯಿತು, ಈಗ ಬಿಡಿ ಎಂದರು ಯಾರೋ. ಅವಳು ಬಿಡಲಿಲ್ಲ. ಆ ರಾತ್ರಿಯೇ ನಿರ್ದೇಶಕರನ್ನು ಎಬ್ಬಿಸಿದೆವು. ಬೆಳಿಗ್ಗೆ ಆಗಬೇಕಿದ್ದ ಸಹಿ ಮಧ್ಯಾಹ್ನ ಆಯಿತು, ಹೊಸ ಪವರ್ ಆಫ್ ಅಟಾರ್ನಿಯ ಮೇಲೆ.