ಹಳೇ ಪೆಟ್ಟಿನ ಮಂಡಿ, ಮತ್ತೆ ಸ್ಕೇಟ್ಸ್

ಕೇಳುಗ ಸ್ನೇಹಿತರೆಲ್ಲರಿಗೂ ನಮಸ್ಕಾರ.

ಹಿಂದೆ ಯಾವಾಗಲೋ ಮಂಡಿಗೆ ಪೆಟ್ಟಾಗಿತ್ತು, ವಾಸಿಯೂ ಆಯಿತು. ಈಗ ಮತ್ತೆ ಸ್ಕೇಟ್ಸ್ ಹಾಕಿಕೊಳ್ಳುವ ಆಸೆ. ಪಂದ್ಯಕ್ಕಲ್ಲ, ಸುಮ್ನೆ ಖುಷಿಗೆ. ಆದರೆ ಒಳಗೊಳಗೇ ಒಂದು ಅಳುಕು, ಮಂಡಿ ಮತ್ತೆ ತಿರುಚಿಕೊಂಡರೆ ಏನು ಗತಿ ಅಂತ. ಇಂಥವರ ಜೊತೆ ಇವತ್ತಿನ ಮಾತು.

ಮಂಡಿಗೆ ಆಸರೆಯಾಗಿ ಹಾಕಿಕೊಳ್ಳುವ ಕವಚ ಇದೆಯಲ್ಲ, ಬ್ರೇಸ್ ಅಂತಾರೆ. ಯಾವ ಬ್ರೇಸ್ ಒಳ್ಳೇದು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದಿದೆ. ಅವತ್ತು ಮಂಡಿಯೊಳಗೆ ಏನು ಹಾಳಾಗಿತ್ತು? ತುಂಬ ಜನಕ್ಕೆ ಇದು ನೆನಪಿರುವುದಿಲ್ಲ, ‘ಲಿಗಮೆಂಟ್ ಏನೋ ಆಗಿತ್ತು’ ಅಂದು ಮುಗಿಸಿಬಿಡುತ್ತಾರೆ. ಲಿಗಮೆಂಟ್ ಅಂದರೆ ಒಂದು ಮೂಳೆಯನ್ನು ಇನ್ನೊಂದಕ್ಕೆ ಕಟ್ಟಿಹಿಡಿಯುವ ಗಟ್ಟಿ ನಾರಿನ ಪಟ್ಟಿ. ಹಳೇ ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಚೀಟಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ. ಯಾಕೆಂದರೆ ಒಂದೊಂದು ಬಗೆಯ ಬ್ರೇಸ್ ಒಂದೊಂದು ತೊಂದರೆಗೆ ಅಂತಲೇ ಮಾಡಿದ್ದು. ಎಲ್ಲದಕ್ಕೂ ಆಗುವ ಬ್ರೇಸ್ ಅಂತ ಒಂದಿಲ್ಲ.

ಮಂಡಿಯಲ್ಲಿ ನಾಲ್ಕು ಮುಖ್ಯ ಲಿಗಮೆಂಟ್‌ಗಳಿವೆ. ಒಳಗೆ ಅಡ್ಡಡ್ಡ ದಾಟಿಕೊಂಡಿರುವುದು ಎರಡು, ಅಕ್ಕಪಕ್ಕ ಎರಡು. ಒಳಗಿನ ಎರಡರಲ್ಲಿ ಎಸಿಎಲ್ ಅನ್ನುವುದು ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಮಂಡಿ ತಿರುಚದ ಹಾಗೆ ಹಿಡಿದಿರುತ್ತದೆ. ಮಂಡಿಯ ಒಳಪಕ್ಕದ್ದು ಎಂಸಿಎಲ್, ಅದು ಮಂಡಿ ಒಳಕ್ಕೆ ಬಾಗದ ಹಾಗೆ ತಡೆಯುತ್ತದೆ. ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗಿರುವುದು ಮಿನಿಸ್ಕಸ್. ಮುಂದುಗಡೆ ಮಂಡಿಚಿಪ್ಪು.

ಈಗ ಸ್ಕೇಟಿಂಗ್ ಮಾಡುವಾಗ ಏನಾಗುತ್ತದೆ ನೋಡಿ. ಮಂಡಿ ಸದಾ ಬಗ್ಗಿರುತ್ತದೆ, ಹಾಗಾಗಿ ಮಂಡಿಚಿಪ್ಪಿನ ಹಿಂದೆ ಒತ್ತಡ ಜಾಸ್ತಿ. ತಿರುವಿನಲ್ಲಿ ಚಕ್ರವೋ ಬ್ಲೇಡೋ ಒಂದು ಕಡೆ ಕಚ್ಚಿಕೊಂಡು ಮೈ ಇನ್ನೊಂದು ಕಡೆ ತಿರುಗಿದರೆ ಎಸಿಎಲ್‌ಗೂ ಮಿನಿಸ್ಕಸ್‌ಗೂ ಕಷ್ಟ. ಎರಡೂ ಪಾದದ ತುದಿಗಳನ್ನು ಒಳಕ್ಕೆ ತಿರುಗಿಸಿ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ, ಅಲ್ವಾ? ಅದರಲ್ಲಿ ಮಂಡಿಯ ಒಳಪಕ್ಕ ಎಳೆಯುತ್ತದೆ. ಎಂಸಿಎಲ್‌ಗೆ ಪೆಟ್ಟಾಗಿದ್ದವರು ಇನ್‌ಲೈನ್ ಸ್ಕೇಟ್ಸ್ (ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರುವಂಥದ್ದು) ಹಾಕುತ್ತಿದ್ದರೆ ಶುರುವಿನ ದಿನಗಳಲ್ಲಿ ಹಿಮ್ಮಡಿಯ ಬ್ರೇಕ್ ಬಳಸಿ ನಿಲ್ಲುವುದೇ ವಾಸಿ.

ಬ್ರೇಸ್‌ಗಳ ವಿಷಯಕ್ಕೆ ಬರೋಣ. ಎಲ್ಲರೂ ಮೊದಲು ಕೊಳ್ಳುವುದು ಬಟ್ಟೆಯ ಅಥವಾ ನಿಯೋಪ್ರೀನ್ ಅನ್ನುವ ರಬ್ಬರಿನಂಥ ವಸ್ತುವಿನ ಸ್ಲೀವ್, ನೀ ಕ್ಯಾಪ್ ಅಂತಾರಲ್ಲ, ಅದು. ಮಂಡಿಯನ್ನು ಬೆಚ್ಚಗಿಡುತ್ತದೆ, ಹದವಾಗಿ ಒತ್ತಿ ಹಿಡಿಯುತ್ತದೆ. ಮಂಡಿ ಎಲ್ಲಿದೆ, ಎಷ್ಟು ಬಗ್ಗಿದೆ ಅನ್ನುವ ಅರಿವು ಚರ್ಮಕ್ಕೆ ಚೆನ್ನಾಗಿ ಸಿಗುತ್ತದೆ, ಅದರಿಂದ ಧೈರ್ಯವೂ ಬರುತ್ತದೆ. ಹಳೇ ಪೆಟ್ಟು ಪೂರ್ತಿ ವಾಸಿಯಾಗಿ, ಮಂಡಿ ಗಟ್ಟಿಯಾಗಿ ನಿಲ್ಲುತ್ತಿದ್ದು, ಸ್ವಲ್ಪ ಬಿಗಿತ ಮಾತ್ರ ಉಳಿದಿದೆ ಅನ್ನುವವರಿಗೆ ಇಷ್ಟೇ ಸಾಕು. ಆದರೆ ಮಂಡಿ ತಿರುಚುವುದನ್ನು ಸ್ಲೀವ್ ತಡೆಯುವುದಿಲ್ಲ. ಅದನ್ನು ಹಾಕಿಕೊಂಡು ಎಸಿಎಲ್‌ಗೆ ರಕ್ಷಣೆ ಸಿಕ್ಕಿತು ಅಂದುಕೊಳ್ಳಬೇಡಿ.

ಮಂಡಿಚಿಪ್ಪು ಪಕ್ಕಕ್ಕೆ ಜಾರಿದ್ದವರಿಗೆ ಬೇರೆಯೇ ಬೇಕು. ಚಿಪ್ಪಿನ ಜಾಗದಲ್ಲಿ ತೂತು, ಅದರ ಅಂಚಿಗೆ ಒತ್ತಾಗಿ ಒಂದು ದಿಂಬು ಇರುವಂಥದ್ದು. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುವವರಿಗೆ ಕೆಳಗೆ ಕಟ್ಟುವ ಸಣ್ಣ ಪಟ್ಟಿ ಸಾಕಾಗಬಹುದು. ಪಕ್ಕದ ಲಿಗಮೆಂಟ್ ಸಡಿಲ ಇದ್ದವರಿಗೆ ಎರಡೂ ಕಡೆ ಬಾಗಿಲಿನ ಕೀಲಿನ ಹಾಗೆ ಮಡಚುವ ಕೀಲು ಇರುವ ಬ್ರೇಸ್. ಎಸಿಎಲ್ ಹರಿದು ಆಪರೇಷನ್ ಆದವರಿಗೆ, ಅಥವಾ ಆಪರೇಷನ್ ಇಲ್ಲದೆ ಹಾಗೇ ಬಿಟ್ಟವರಿಗೆ, ಗಟ್ಟಿ ಚೌಕಟ್ಟಿನ ಬ್ರೇಸ್ ಇದೆ. ಇದನ್ನು ಮಾತ್ರ ಡಾಕ್ಟರನ್ನೋ ಫಿಸಿಯೋ (ವ್ಯಾಯಾಮ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್) ಅವರನ್ನೋ ಕೇಳದೆ ಕೊಳ್ಳಬೇಡಿ. ಆಪರೇಷನ್ ಆಗಿ ಚೆನ್ನಾಗಿ ವಾಸಿಯಾದ ಮಂಡಿಗೆ ಇದು ಬೇಕೇ ಬೇಕು ಅನ್ನುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ನಿಮ್ಮ ಮಂಡಿಯನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದವರ ಮಾತೇ ಇಲ್ಲಿ ಮುಖ್ಯ.

ಬಗೆ ತೀರ್ಮಾನ ಆದ ಮೇಲೆ ಅಳತೆ. ನನ್ನ ಮಟ್ಟಿಗೆ ಕಂಪನಿಯ ಹೆಸರಿಗಿಂತ ಅಳತೆಯೇ ದೊಡ್ಡದು. ಪ್ಯಾಂಟಿನ ಸೈಜ್ ನೋಡಿ ಬ್ರೇಸ್ ತರಬೇಡಿ, ಟೇಪ್ ಹಿಡಿದು ಅಳೆಯಿರಿ. ಸಾಮಾನ್ಯವಾಗಿ ಮಂಡಿಚಿಪ್ಪಿನ ನಡುವಿನಿಂದ ಸುಮಾರು 15 ಸೆಂ.ಮೀ. ಮೇಲೆ ತೊಡೆಯ ಸುತ್ತಳತೆ, ಅಷ್ಟೇ ಕೆಳಗೆ ಮೀನಖಂಡದ ಸುತ್ತಳತೆ ಕೇಳುತ್ತಾರೆ. ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುತ್ತದೆ, ಅವರವರ ಪಟ್ಟಿ ನೋಡಿಕೊಳ್ಳಿ. ಪೆಟ್ಟಾದ ಕಾಲಿನ ತೊಡೆ ಇನ್ನೊಂದಕ್ಕಿಂತ ಸಣ್ಣಗಾಗಿರುವುದು ಎಷ್ಟೋ ಜನರಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಆ ಕಾಲನ್ನೇ ಅಳೆಯಬೇಕು.

ಹಾಕಿ ನೋಡುವಾಗ ನೆಟ್ಟಗೆ ನಿಂತು ‘ಸರಿಯಾಗಿದೆ’ ಅಂದುಬಿಟ್ಟರೆ ಆಗಲಿಲ್ಲ. ಸ್ಕೇಟ್ ಮಾಡುವ ಭಂಗಿಗೆ ಬನ್ನಿ. ಮಂಡಿ ಬಗ್ಗಿಸಿ, ಕೂತು ಏಳಿ, ಒಂದು ಕಾಲನ್ನು ಪಕ್ಕಕ್ಕೆ ದೂಡಿ ವಾಪಸ್ ತನ್ನಿ, ಹೀಗೇ ಹತ್ತು ನಿಮಿಷ ಮಾಡಿ. ಬ್ರೇಸ್ ಕೆಳಕ್ಕೆ ಜಾರಿತೇ? ಮಂಡಿಯ ಹಿಂದೆ ಮಡಿಕೆ ಬಿದ್ದು ಚುಚ್ಚುತ್ತಿದೆಯೇ? ಕೀಲಿನ ಬ್ರೇಸ್ ಆದರೆ ಕೀಲು ಮಂಡಿಚಿಪ್ಪಿನ ನಡುಮಟ್ಟದಲ್ಲೇ ನಿಂತಿದೆಯೇ? ಕೀಲು ಜಾಗ ತಪ್ಪಿದರೆ ಮಂಡಿ ಒಂದು ಕಡೆ ಬಗ್ಗುತ್ತದೆ, ಬ್ರೇಸ್ ಇನ್ನೊಂದು ಕಡೆ ಎಳೆಯುತ್ತದೆ. ಜಾರುವ ಬ್ರೇಸ್‌ಗೆ ತೊಡೆಯ ಪಟ್ಟಿ ಬಿಗಿಯುವವರೇ ಜಾಸ್ತಿ. ಆದರೆ ಚೌಕಟ್ಟಿನ ಬ್ರೇಸನ್ನು ಮೇಲೆ ಹಿಡಿದು ನಿಲ್ಲಿಸುವುದು ಮಂಡಿಯ ಕೆಳಗೆ, ಮೀನಖಂಡದ ಉಬ್ಬಿನ ಮೇಲುಗಡೆ ಬರುವ ಪಟ್ಟಿ. ಹೆಚ್ಚಿನ ಬ್ರೇಸ್‌ಗಳಲ್ಲಿ ಮೊದಲು ಕಟ್ಟಬೇಕಾದದ್ದು ಅದನ್ನೇ. ಪಾದ ಜುಮುಗುಟ್ಟಿದರೆ, ಮರಗಟ್ಟಿದರೆ ಬಿಗಿ ಜಾಸ್ತಿಯಾಯಿತು ಅಂತಲೇ ಅರ್ಥ, ತಕ್ಷಣ ಸಡಿಲಿಸಿ.

ಕೊಳ್ಳುವ ಮೊದಲು ಸ್ಕೇಟ್ಸ್ ಕೂಡ ಹಾಕಿ ನೋಡಿ. ಬೂಟಿನ ಮೇಲಂಚಿಗೂ ಬ್ರೇಸಿನ ಕೆಳಂಚಿಗೂ ತಾಗಿದರೆ ಪ್ರತಿ ಸಲ ಮಂಡಿ ಬಗ್ಗಿಸಿದಾಗ ಬ್ರೇಸ್ ಮೇಲಕ್ಕೆ ತಳ್ಳಿಕೊಳ್ಳುತ್ತದೆ. ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಬ್ರೇಸ್ ಇದೆ ಅಂತ ನೀ ಪ್ಯಾಡ್ ಬಿಡಬೇಡಿ. ಬ್ರೇಸ್ ಮಂಡಿಯನ್ನು ಹಿಡಿಯುತ್ತದೆ, ಬಿದ್ದಾಗಿನ ಹೊಡೆತ ತಡೆಯುವುದು ಪ್ಯಾಡ್. ಸ್ಲೀವ್ ಮೇಲೆ ಪ್ಯಾಡ್ ಸುಲಭವಾಗಿ ಕೂರುತ್ತದೆ. ಕೀಲಿನ ಬ್ರೇಸ್ ಮೇಲಾದರೆ ಒಂದು ಸೈಜ್ ದೊಡ್ಡ ಪ್ಯಾಡ್ ಬೇಕಾಗಬಹುದು. ಎರಡೂ ಒಟ್ಟಿಗೆ ಕೂರುವುದೇ ಇಲ್ಲ ಅಂದರೆ ಆ ಬ್ರೇಸ್ ಸ್ಕೇಟಿಂಗಿಗೆ ಆಗುವಂಥದ್ದಲ್ಲ.

ನಿಯೋಪ್ರೀನ್ ಬೆವರು ಹಿಡಿದಿಡುತ್ತದೆ. ಕೆಲವರ ಚರ್ಮಕ್ಕೆ ಆಗುವುದೂ ಇಲ್ಲ, ಕೆಂಪಗೆ ದದ್ದು ಏಳುತ್ತದೆ. ಆಡಿ ಬಂದ ಮೇಲೆ ಸೌಮ್ಯವಾದ ಸೋಪಿನಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ.

ಎಂಥ ಬ್ರೇಸ್ ಹಾಕಿದರೂ ಮಂಡಿಯನ್ನು ನಿಜವಾಗಿ ಕಾಯುವುದು ತೊಡೆಯ ಮುಂದಿನ, ಹಿಂದಿನ ಸ್ನಾಯುಗಳು ಮತ್ತು ಸೊಂಟದ ಪಕ್ಕದ ಸ್ನಾಯುಗಳು. ಕನ್ನಡಿ ಮುಂದೆ ಒಂದೇ ಕಾಲಲ್ಲಿ ನಿಂತು ಮೆಲ್ಲಗೆ ಮಂಡಿ ಬಗ್ಗಿಸಿ. ಮಂಡಿ ನಡುಗಿ ಒಳಕ್ಕೆ ಓಲುತ್ತಿದ್ದರೆ ಬ್ರೇಸಿಗಿಂತ ಮೊದಲು ವ್ಯಾಯಾಮ ಬೇಕು. ನಡೆಯುವಾಗಲೇ ಮಂಡಿ ಕುಸಿಯುತ್ತಿದ್ದರೆ, ಬಗ್ಗಿಸಿದ್ದು ಹಾಗೇ ಸಿಕ್ಕಿಕೊಳ್ಳುತ್ತಿದ್ದರೆ ಬ್ರೇಸ್ ಅಂಗಡಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ.

ಮೊದಲ ದಿನ ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಸಾಕು. ನಡುವೆ ಒಮ್ಮೆ ನಿಂತು ಪಟ್ಟಿಗಳನ್ನು ಮತ್ತೆ ಸರಿಮಾಡಿಕೊಳ್ಳಿ, ಬೆವರಿಗೆ ಅವು ಸಡಿಲ ಆಗುತ್ತವೆ. ಮಾರನೇ ಬೆಳಿಗ್ಗೆ ಎರಡೂ ಮಂಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಊತ ಇದ್ದರೆ ಮುಂದಿನ ಸಲ ಬ್ರೇಸ್ ಬಿಗಿ ಮಾಡುವುದಲ್ಲ, ಆಡುವ ಹೊತ್ತು ಕಡಿಮೆ ಮಾಡಬೇಕು. ಮತ್ತೂ ಹಾಗೇ ಆದರೆ ಫಿಸಿಯೋ ಹತ್ತಿರ ಹೋಗಿ. ಹೋಗುವಾಗ ಬ್ರೇಸ್, ಪ್ಯಾಡ್, ಸ್ಕೇಟ್ಸ್ ಮೂರನ್ನೂ ತೆಗೆದುಕೊಂಡು ಹೋಗಿ, ಹಾಕಿಕೊಂಡು ಮಂಡಿ ಬಗ್ಗಿಸಿ ತೋರಿಸಿ.

ನಮಸ್ಕಾರ.