ಗ್ಯಾರೇಜು ಖೋಲಿಯಾಗಬೇಕಾದರೆ ಮೊದಲು ನೆಲ ನೋಡಿ

ಕೇಳುಗ ಬಂಧುಗಳೇ, ನಮಸ್ಕಾರ.

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರ, ಇಂಥ ಕಡೆ ಹಳೇ ಮನೆಗಳ ಪಕ್ಕದಲ್ಲೋ ಹಿತ್ತಲಲ್ಲೋ ಬಿಡಿಯಾಗಿ ನಿಂತ ಗ್ಯಾರೇಜು ಕಾಣುತ್ತವೆ. ಅಜ್ಜನಿಗೆ ಮೆಟ್ಟಿಲು ಹತ್ತಲು ಆಗದಾದಾಗ, ಓದುವ ಹುಡುಗರಿಗೆ ಬೇರೆ ಖೋಲಿ ಬೇಕಾದಾಗ ಮನೆಯವರ ಕಣ್ಣು ಅದರ ಮೇಲೆ ಬೀಳುತ್ತದೆ. ಗೋಡೆ ಇದೆ, ಮೇಲೆ ಪತ್ರಾಸ್ ಇದೆ, ಶೆಟರ್ ತೆಗೆದು ಬಣ್ಣ ಹಚ್ಚಿದರೆ ಮುಗಿಯಿತು ಅನ್ನಿಸುತ್ತದೆ. ಹಾಗೆ ಮಾಡಿದ ಖೋಲಿಯಲ್ಲಿ ಮೊದಲ ಮಳೆಗಾಲಕ್ಕೇ ಹಾಸಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ರೊಕ್ಕ ಮೊದಲು ನೆಲಕ್ಕೆ ಹೋಗಬೇಕು, ಆಮೇಲೆ ಛಾವಣಿಗೆ, ಬಣ್ಣಕ್ಕೆ ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಕಾರಣ ಗ್ಯಾರೇಜು ಕಟ್ಟುವ ಅಳತೆಯಲ್ಲೇ ಇದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ನೆಲ ಹೊರಗಿನ ನೆಲಕ್ಕಿಂತ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಎತ್ತರ ಇರಬೇಕು. ಗ್ಯಾರೇಜಿಗೆ 15 ಸೆಂಟಿಮೀಟರ್, ಅರ್ಧ ಅಡಿ ಸಾಕು. ಮಲಗುವ ಖೋಲಿಗೆ 2.75 ಮೀಟರ್ ಎತ್ತರ ಬೇಕು, ಗ್ಯಾರೇಜಿಗೆ 2.4 ಮೀಟರ್ ನಡೆಯುತ್ತದೆ. ಕೆಳಗಿನಿಂದ ನೆಲ ಎತ್ತಿದಷ್ಟೂ ಮೇಲೆ ತಲೆಗೆ ಜಾಗ ಕಡಿಮೆ. ಪತ್ರಾಸಿನ ಛಾವಣಿಯಾದರೆ ಬಿಚ್ಚಿ, ಎರಡು ವರಸೆ ಬ್ಲಾಕ್ ಏರಿಸಿ ಮತ್ತೆ ಹಾಕಬಹುದು. ಎಂಟೇ ಅಡಿಯ ಸ್ಲ್ಯಾಬ್ ಇದ್ದರೆ ಆ ದಾರಿ ಇಲ್ಲ. ಅಂಥದ್ದನ್ನು ಖೋಲಿ ಮಾಡದಿರುವುದೇ ಮೇಲು. ಗ್ಯಾರೇಜು ಬಹಳ ಸಲ ಗಡಿಯ ಪಕ್ಕ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿರುತ್ತದೆ, ನಕಾಶೆಯಲ್ಲಿ ಪಾರ್ಕಿಂಗ್ ಎಂದೇ ಬರೆದಿರುತ್ತದೆ. ಹಾಗಾಗಿ ಗೌಂಡಿಯನ್ನು ಕರೆಯುವ ಮೊದಲು ಪಾಲಿಕೆಯ ವಲಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಈಗ ಹಸಿಯ ಪರೀಕ್ಷೆ. ಇದನ್ನು ಶ್ರಾವಣದಲ್ಲಿ ಮಾಡಬೇಕು. ಮೇ ತಿಂಗಳಲ್ಲಿ ಎಲ್ಲ ನೆಲವೂ ಒಣಗಿಯೇ ಇರುತ್ತದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪು ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಕೆಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಕಾಂಕ್ರೀಟು ಕಪ್ಪಗಾಗಿದ್ದರೆ ಹಸಿ ಭೂಮಿಯಿಂದ ಏಳುತ್ತಿದೆ. ಹನಿ ಬರೀ ಮೇಲ್ಮೈಯಲ್ಲಿದ್ದರೆ ಅದು ಗಾಳಿಯ ತೇವ, ಕಿಡಕಿ ಇಟ್ಟರೆ ಹೋಗುತ್ತದೆ.

ಗಾಡಿ ತೊಳೆದ ನೀರು ಹೊರಗೆ ಹರಿಯಲೆಂದು ಗ್ಯಾರೇಜಿನ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. 18 ಅಡಿ ಉದ್ದಕ್ಕೆ ಸುಮಾರು ಎರಡು ಇಂಚು. ಮಂಚ ಹಾಕಿದರೆ ಅದೂ ಬಾಗಿಲ ಕಡೆ ವಾಲುತ್ತದೆ. ಎಣ್ಣೆ ಬಿದ್ದ ಕಾಂಕ್ರೀಟಿನ ಮೇಲೆ ನೇರ ಟೈಲ್ಸ್ ಕೂಡಿಸಲೂ ಬಾರದು; ಸಿಮೆಂಟು ಹಿಡಿಯುವುದಿಲ್ಲ, ಸ್ವಲ್ಪ ದಿನಕ್ಕೆ ಕಾಲಿಟ್ಟಲ್ಲಿ ಟೊಳ್ಳು ಸಪ್ಪಳ ಬರುತ್ತದೆ. ಎಣ್ಣೆಯನ್ನು ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಬ್ರಶ್ಶಿನಿಂದ ತಿಕ್ಕಿ ತೊಳೆದು ಒಣಗಿಸಿ. ಅದರ ಮೇಲೆ 250 ಮೈಕ್ರಾನಿನ ಪಾಲಿಥಿನ್ ಹಾಳೆ ಹಾಸಿ. ಒಂದರ ಮೇಲೊಂದು ಅರ್ಧ ಅಡಿ ಬರಲಿ, ಜೋಡಿಗೆ ಟೇಪು ಬೀಳಲಿ, ಅಂಚನ್ನು ಗೋಡೆಯಗುಂಟ ಹೊಸ ನೆಲದ ಮಟ್ಟಕ್ಕಿಂತ ಮೇಲೆ ಮಡಚಿ ನಿಲ್ಲಿಸಿ. ನಂತರ ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿಯ ಕಾಂಕ್ರೀಟು: ಹಿಂದೆ ಎರಡು ಇಂಚು, ಬಾಗಿಲ ಕಡೆ ನಾಲ್ಕು ಇಂಚು, ನೆಲ ಸಮ. 10 ಅಡಿ ಅಗಲ, 18 ಅಡಿ ಉದ್ದದ ಖೋಲಿಗೆ 45 ಘನ ಅಡಿ ಕಾಂಕ್ರೀಟು ಬೀಳುತ್ತದೆ. ಅದಕ್ಕೆ 8 ಚೀಲ ಸಿಮೆಂಟು, 20 ಘನ ಅಡಿ ಉಸುಕು, 40 ಘನ ಅಡಿ ಸಣ್ಣ ಖಡಿ ತರಿಸಿ. ಕೆಲಸದವರು ಬುಟ್ಟಿ ಹೊತ್ತು ಓಡಾಡುವಾಗ ಹಾಳೆ ಹರಿಯದಂತೆ ಒಬ್ಬರು ಎದುರಿಗೆ ನಿಂತಿರಬೇಕು. ಅಂಗೈ ಅಗಲದ ಒಂದು ತೂತು ಉಳಿದರೂ ಹಸಿ ಅಲ್ಲಿಂದಲೇ ಏಳುತ್ತದೆ. ಕನಿಷ್ಠ ಏಳು ದಿನ, ಬ್ಯಾಸಿಗೆಯಾದರೆ ಹತ್ತು ದಿನ ನೀರು ಹೊಡೆಯಿರಿ.

ಶೆಟರ್ ಇದ್ದ ಜಾಗದಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು. ಅಲ್ಲಿ ಗಾಡಿ ಹೋಗುತ್ತಿತ್ತು, ಕೆಳಗೆ ಪಾಯ ಇರುವುದಿಲ್ಲ. ಹಳೇ ನೆಲದ ಮೇಲೆಯೇ ಗೋಡೆ ಎಬ್ಬಿಸಿದರೆ ಹೊಸ ಗೋಡೆ ಬೇರೆಯಾಗಿ ಕೂರುತ್ತದೆ, ಎರಡೂ ಸೇರುವಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಬಿರುಕು ಬೀಳುತ್ತದೆ. ಧಾರವಾಡದ ಗರಸು ನೆಲದಲ್ಲಿ ಇದು ಕಡಿಮೆ. ಹುಬ್ಬಳ್ಳಿಯ ಪೂರ್ವಕ್ಕೆ, ಗದಗ ರಸ್ತೆಯ ಎರೆಮಣ್ಣಿನಲ್ಲಿ ಭೂಮಿ ಮಳೆಗೆ ಉಬ್ಬಿ ಬ್ಯಾಸಿಗೆಗೆ ಬಾಯಿ ಬಿಡುವುದರಿಂದ ತಪ್ಪಿದ್ದಲ್ಲ. ಪಕ್ಕದ ಗೋಡೆಯ ಪಾಯದಷ್ಟೇ ಆಳ ತೋಡಿ ಹೊಸ ಪಾಯ ಹಾಕಿಸಿ. ಪ್ರತಿ ಎರಡು ವರಸೆ ಬ್ಲಾಕಿಗೆ ಹಳೇ ಗೋಡೆ ಕೊರೆದು 8 ಎಂಎಂ ಕಬ್ಬಿಣದ ಸಳಿ ಕೂಡಿಸಿ. ಹಳೇ ಗೋಡೆಯಲ್ಲಿ ಮೊದಲೇ ಬಿರುಕಿದ್ದರೆ ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಬ್ಯಾಸಿಗೆಗೂ ಮಳೆಗಾಲಕ್ಕೂ ಗೆರೆ ದಾಟಿದರೆ ಪಾಯ ಓಡಾಡುತ್ತಿದೆ, ಮೇಲೆ ಗಿಲಾವು ಬಳಿದು ಫಾಯ್ದೆ ಇಲ್ಲ. ಸುತ್ತ ಮೂರು ಅಡಿ ಅಗಲ ಕಾಂಕ್ರೀಟು ಹಾಕಿ, ಹೊರಕ್ಕೆ ಇಳಿಜಾರು ಕೊಟ್ಟು ಮಳೆನೀರನ್ನು ಪಾಯದಿಂದ ದೂರ ಓಡಿಸಬೇಕು.

ಆ ಹೊಸ ಗೋಡೆಯಲ್ಲಿ 5 ಅಡಿಗೆ 4 ಅಡಿಯ ಕಿಡಕಿ ಇಡಿ. ನೆಲದ ಹತ್ತನೇ ಒಂದು ಪಾಲು, 18 ಚದರ ಅಡಿಯಾದರೂ ಇರಲಿ. ಇದು 20 ಆಯಿತು. ಎದುರಿನ ಗೋಡೆಯಲ್ಲೂ ಒಂದು ಸಣ್ಣ ಕಿಡಕಿ ಬಿಟ್ಟರೇ ಗಾಳಿ ಹಾಯುತ್ತದೆ.

ಇನ್ನು ಛಾವಣಿ. ಹಳೇ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದನ್ನು ಒಣಗಿದ್ದಾಗ ಕೊರೆಯುವುದು, ಒಡೆಯುವುದು ಬೇಡ, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ನೀರು ಹೊಡೆದು ಇಡಿಯಾಗಿ ಇಳಿಸಿ. ಹೊಸದಾಗಿ ಹಾಕುವುದಾದರೆ ಎರಡು ತಗಡಿನ ನಡುವೆ ಬಿಸಿಲು ತಡೆಯುವ ಫೋಮ್ ತುಂಬಿದ 50 ಎಂಎಂ ಪಫ್ ಪ್ಯಾನೆಲ್ ಒಳ್ಳೆಯದು. ಬರೀ ತಗಡಿನಡಿ ಏಪ್ರಿಲ್ ಮಧ್ಯಾಹ್ನ ಯಾರೂ ಮಲಗಲಾರರು. ತಗಡು ಹಾಕಿದರೆ ಸ್ಕ್ರೂ ಅಲೆಯ ದಿಬ್ಬದ ಮೇಲೆ ಬೀಳಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ.

ಕರೆಂಟು ಮನೆಯಿಂದ ಬರಬೇಕು. ಬಟ್ಟೆ ಒಣಹಾಕುವ ತಂತಿಯ ಜತೆ ವೈರು ಎಳೆಯಬೇಡಿ. ಎರಡೂವರೆ ಅಡಿ ಆಳದಲ್ಲಿ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ ಹೂಳಿ, ಖೋಲಿಗೇ ಬೇರೆಯಾಗಿ ಲೋಡು ಹೆಚ್ಚಾದರೆ ಬೀಳುವ ಎಂಸಿಬಿ, ಶಾಕ್ ತಗುಲಿದರೆ ಕರೆಂಟು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಕೊಡಿಸಿ. ಪೆಟ್ರೋಲ್ ಡಬ್ಬಿ, ಇನ್ವರ್ಟರ್ ಬ್ಯಾಟರಿ ಒಳಗೆ ಉಳಿಯಕೂಡದು.

ಹಿರಿಯರು ಮಲಗುವುದಾದರೆ ಬಚ್ಚಲು, ಪಾಯಖಾನೆ ಅಲ್ಲೇ ಬೇಕು. ಮಳೆಯ ರಾತ್ರಿ ಅಂಗಳ ದಾಟುವುದು ಅವರಿಗೆ ಆಗದು. ನಾಲ್ಕು ಇಂಚಿನ ಪೈಪು 40 ಅಡಿ ಹೋದರೆ ಒಂದು ಅಡಿ ಇಳಿಯಬೇಕು. ನೆಲಕ್ಕೆ ಕಾಂಕ್ರೀಟು ಹಾಕುವ ಮೊದಲೇ ಮನೆಯ ಒಳಚರಂಡಿಯ ಚೇಂಬರ್ ಮುಚ್ಚಳ ತೆಗೆದು ಆಳ ಅಳೆದುಕೊಳ್ಳಿ, ಪೈಪಿನ ಜಾಗ ಬಿಟ್ಟೇ ಹಾಳೆ ಹಾಸಿ.

ನಮಸ್ಕಾರ.